ಎಲೆ ಉದುರುವ ಕಾಲದ ಕಾರ್ಡು ಮತ್ತು ಸ್ಕ್ರ್ಯಾಪ್‌ಬುಕ್ ಪುಟ: ಕೈಯಾರೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಶರತ್ಕಾಲದ ಎಲೆಗಳನ್ನಿಟ್ಟು ಮಾಡಿದ ಕಾರ್ಡು ಮೇಜಿನ ಮೇಲಿರುವಾಗ ಚೆನ್ನಾಗಿಯೇ ಕಾಣುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಎಲೆಯ ಅಂಚು ಮೇಲೆದ್ದು, ಕೆಂಪು ಕಂದಿ, ಕಾರ್ಡು ದೋಣಿಯಂತೆ ಬಾಗಿರುತ್ತದೆ. ಇಂಥ ಕಾರ್ಡುಗಳನ್ನು ತಂದು ತೋರಿಸುವವರು ಸಾಮಾನ್ಯವಾಗಿ ದೂರುವುದು ಗೋಂದನ್ನು. ಪದರ ಬಿಡಿಸಿ ನೋಡಿದರೆ ತಪ್ಪು ಬಹುಮಟ್ಟಿಗೆ ಗೋಂದಿನದಾಗಿರುವುದಿಲ್ಲ, ಕೆಲಸದ ಕ್ರಮದ್ದಾಗಿರುತ್ತದೆ: ಎಲೆ ಪೂರ್ತಿ ಒಣಗುವ ಮೊದಲೇ ಅಂಟಿಸಿರುತ್ತಾರೆ, ಜೋಡಣೆ ತೀರ್ಮಾನವಾಗುವ ಮೊದಲೇ ಕಾಗದ ಕತ್ತರಿಸಿರುತ್ತಾರೆ, ಶಾಯಿ ಆರುವ ಮೊದಲೇ ಮೇಲೊಂದು ಪದರ ಕೂರಿಸಿರುತ್ತಾರೆ.

ಆದ್ದರಿಂದ ಇಲ್ಲಿ ಎಲೆಯ ಕೆಲಸವನ್ನು ಎಲ್ಲಕ್ಕಿಂತ ಮೊದಲಿಗೂ ಗೋಂದಿನ ಕೆಲಸವನ್ನು ಸಾಧ್ಯವಾದಷ್ಟು ಕೊನೆಗೂ ಇಡಲಾಗಿದೆ. ನಡುವಿನ ಹಂತಗಳಲ್ಲಿ ಒಂದೆರಡನ್ನು ಅನುಕೂಲ ನೋಡಿ ಹಿಂದುಮುಂದು ಮಾಡಬಹುದು, ಈ ಎರಡನ್ನು ಬದಲಿಸುವಂತಿಲ್ಲ. ಕಾರ್ಡು ಕಟ್ಟುವುದು ಒಂದು ಸಂಜೆಯ ಕೆಲಸ, ಎಲೆ ಒಣಗಿಸುವುದು ಎರಡು ಮೂರು ವಾರದ ಕೆಲಸ. ಕಾರ್ಡು ಕೈಸೇರಬೇಕಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಯೇ ಎಲೆ ಆರಿಸಲು ಹೊರಡಬೇಕು.

ಮೊದಲೇ ಒದಗಿಸಿಕೊಳ್ಳಬೇಕಾದ ಸಾಮಗ್ರಿ

ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಕಾರ್ಡಿನ ತಳಕ್ಕೆ 250ರಿಂದ 300 ಜಿಎಸ್‌ಎಂ ಕಾಗದ ಬೇಕು, ಮೇಲೆ ಬರುವ ಪದರಗಳಿಗೆ 120ರಿಂದ 160 ಸಾಕು. ಪ್ರಿಂಟರಿಗೆ ಹಾಕುವ 80 ಜಿಎಸ್‌ಎಂ ಹಾಳೆಯನ್ನು ತಳಕ್ಕೆ ಬಳಸಿದರೆ ಎಲೆಯ ಭಾರಕ್ಕೇ ಕಾರ್ಡು ಜೋಲುತ್ತದೆ. ಫೋಟೋಗಳನ್ನು ಅಲಂಕರಿಸಿ ಇಡುವ ಸ್ಕ್ರ್ಯಾಪ್‌ಬುಕ್ಕಿಗೆ ಕೊಳ್ಳುವ ಕಾಗದದ ಮೇಲೆ ಆಮ್ಲರಹಿತ, ಲಿಗ್ನಿನ್‌ರಹಿತ ಎಂಬ ಎರಡು ಮಾತುಗಳೂ ಇರಬೇಕು. ಕಾರಣವನ್ನು ಎಂಟನೆಯ ಹಂತದಲ್ಲಿ ವಿವರಿಸಿದೆ.

ಉಪಕರಣಗಳ ಪಟ್ಟಿ ಚಿಕ್ಕದು. ಉಕ್ಕಿನ ಸ್ಕೇಲು, ಹೊಸ ಬ್ಲೇಡು ಹಾಕಿದ ಕಟ್ಟರ್, ಕಟಿಂಗ್ ಮ್ಯಾಟ್, ಮಡಿಕೆಗೆ ಗೀರೆಳೆಯಲು ಬೋನ್ ಫೋಲ್ಡರ್ ಅಥವಾ ಶಾಯಿ ಮುಗಿದ ಬಾಲ್‌ಪೆನ್, ಎಲೆ ಎತ್ತಲು ಚಿಮುಟ, ಮೆದುವಾದ ಚಪ್ಪಟೆ ಕುಂಚ, ಬ್ಲಾಟಿಂಗ್ ಪೇಪರ್, ನಾಲ್ಕೈದು ಭಾರದ ಪುಸ್ತಕಗಳು. ಆಕಾರ ಕತ್ತರಿಸುವ ಯಂತ್ರವಿದ್ದರೆ ಕೈಗೆ ಶ್ರಮ ಕಡಿಮೆಯಾದೀತು, ಆದರೆ ಅದಿಲ್ಲ ಎಂಬ ಕಾರಣಕ್ಕೆ ಕೆಟ್ಟ ಕಾರ್ಡನ್ನು ನಾನು ಕಂಡಿಲ್ಲ. ಮೊಂಡು ಬ್ಲೇಡಿನಿಂದ ಕೆಟ್ಟವನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಕತ್ತರಿಸಿದ ಅಂಚಿನಲ್ಲಿ ಬಿಳಿ ನಾರು ಎದ್ದು ಕಂಡರೆ ಬ್ಲೇಡಿನ ಆಯುಸ್ಸು ಮುಗಿದಿದೆ ಎಂದು ತಿಳಿಯಬೇಕು.

ಅಂಟುಗಳಲ್ಲಿ ನಾಲ್ಕು ಬಗೆ ಬೇಕಾಗುತ್ತವೆ: ಪಿವಿಎ ಎಂಬ ಬಿಳಿ ಗೋಂದು, ಗ್ಲೂ ಸ್ಟಿಕ್, ಡಬಲ್ ಸೈಡ್ ಟೇಪ್, ಪದರಗಳನ್ನು ಎತ್ತರಿಸಿ ನಿಲ್ಲಿಸುವ ಫೋಮ್ ಟೇಪ್. ಒಂದೇ ಅಂಟಿನಲ್ಲಿ ಎಲ್ಲವನ್ನೂ ಮುಗಿಸಲು ಹೊರಟರೆ ತೊಂದರೆ ತಪ್ಪಿದ್ದಲ್ಲ.

ಹಂತ 1: ಎಲೆಗಳನ್ನು ಆರಿಸುವುದು

ಹಿಂದಿನ ದಿನ ಮಳೆಯಾಗಿದ್ದರೆ ಎಲೆ ಆಯಲು ಹೋಗಬಾರದು. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಮರದಿಂದ ಆಗಷ್ಟೇ ಉದುರಿದ ಅಥವಾ ಮುಟ್ಟಿದರೆ ಉದುರುವಂತಿರುವ ಎಲೆಗಳನ್ನು ತೆಗೆದುಕೊಳ್ಳಬೇಕು. ನೆಲದ ಮೇಲೆ ಹಲವು ದಿನ ಬಿದ್ದು ಸುರುಳಿಯಾದ ತರಗೆಲೆ ಎಷ್ಟೇ ಚೆಂದ ಕಂಡರೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದನ್ನು ಮಟ್ಟಸ ಮಾಡಲು ಹೋದರೆ ನರದ ಬಳಿ ಸೀಳುತ್ತದೆ.

ಬಣ್ಣದ ಆಯ್ಕೆಗೂ ಕಾರಣವಿರಬೇಕು. ಎಲೆಯ ಹಸಿರಿಗೆ ಮೂಲವಾದ ಕ್ಲೋರೋಫಿಲ್ ಒಡೆದುಹೋದಾಗ, ಮೊದಲಿನಿಂದಲೂ ಎಲೆಯಲ್ಲಿದ್ದ ಕೆರೋಟಿನಾಯ್ಡುಗಳ ಹಳದಿ ಹೊರಗೆ ಕಾಣುತ್ತದೆ. ಕೆಂಪು ಮತ್ತು ನೇರಳೆಗೆ ಕಾರಣವಾದ ಆಂಥೋಸಯಾನಿನ್ ಬಹುತೇಕ ಆ ಋತುವಿನಲ್ಲೇ ಹೊಸದಾಗಿ ಹುಟ್ಟುವಂಥದ್ದು. ಅದು ಬೆಳಕಿಗೆ ಬೇಗ ಕಂದುತ್ತದೆ, ಆಮ್ಲ ಕ್ಷಾರಗಳ ಸೋಂಕಿಗೆ ಬಣ್ಣ ಬದಲಿಸುತ್ತದೆ. ಗೋಡೆಯ ಮೇಲೆ ಅಥವಾ ಕಿಟಕಿಯ ಪಕ್ಕ ನಿಲ್ಲಿಸುವ ಕಾರ್ಡಿಗೆ ಜಿಂಕ್ಗೊ, ಬರ್ಚ್ ಮೊದಲಾದ ಹಳದಿ ಎಲೆಗಳನ್ನೋ ಓಕ್, ಬೀಚ್‌ನಂಥ ಕಂದು ಎಲೆಗಳನ್ನೋ ಆರಿಸುವುದು ಕ್ಷೇಮ. ಮೇಪಲ್‌ನ ಕೆಂಪನ್ನು ಮುಚ್ಚಿಡುವ ಪುಸ್ತಕದ ಪುಟಕ್ಕೆ ಉಳಿಸಿಕೊಳ್ಳಬಹುದು.

ಗಾತ್ರದ ವಿಷಯದಲ್ಲಿ ಹೆಚ್ಚಿನವರು ದೊಡ್ಡ ಎಲೆಗೆ ಮನಸೋಲುತ್ತಾರೆ. ಕಾರ್ಡಿನ ಮುಖ ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದರ ಅಗಲದ ಅರ್ಧವನ್ನು ಮೀರಿದ ಎಲೆ ಇಟ್ಟರೆ ಬೇರೇನಕ್ಕೂ ಜಾಗ ಉಳಿಯುವುದಿಲ್ಲ. ಬೇಕಾದುದಕ್ಕಿಂತ ಮೂರು ಪಟ್ಟು ಎಲೆ ತರಬೇಕು, ಒಣಗುವಾಗ ಕೆಲವು ಕೆಡುತ್ತವೆ, ಕತ್ತರಿಸುವಾಗ ಕೆಲವು ಮುರಿಯುತ್ತವೆ. ಹುಳು ಕೊರೆದ ತೂತು, ಅಡಿಯಲ್ಲಿ ಬಿಳಿ ಹುಡಿ, ಅಂಟಂಟು ಜಿಗಿ ಇರುವ ಎಲೆಗಳನ್ನು ಅಲ್ಲೇ ಬಿಟ್ಟುಬರಬೇಕು.

ಹಂತ 2: ಒತ್ತಿ ಒಣಗಿಸುವುದು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಎಲೆಗಳನ್ನು ಪುಸ್ತಕದ ನಡುವೆ ಇಟ್ಟು ಮರೆತುಬಿಡುವುದೇ ಒಣಗಿಸುವ ಕ್ರಮ ಎಂದು ಅನೇಕರು ತಿಳಿದಿದ್ದಾರೆ. ಆದರೆ ಎಲೆ ಬಿಟ್ಟ ತೇವ ಕಾಗದದಲ್ಲೇ ಉಳಿದರೆ ಎಲೆ ನಿಧಾನವಾಗಿ ಒಣಗುತ್ತದೆ. ನಿಧಾನವಾಗಿ ಒಣಗುವ ಎಲೆಯಲ್ಲಿ ಕಿಣ್ವಗಳಿಗೆ ಕೆಲಸ ಮಾಡಲು ಬೇಕಾದಷ್ಟು ಸಮಯ ಸಿಕ್ಕಿ, ಹೆಚ್ಚಿದ ಸೇಬು ಕಂದಾಗುವಂತೆಯೇ ಅದೂ ಕಂದಾಗುತ್ತದೆ. ತೇವವನ್ನು ಬೇಗ ಬೇಗ ಹೊರತೆಗೆದಷ್ಟೂ ಬಣ್ಣ ಉಳಿಯುತ್ತದೆ.

ಮೊದಲು ಎಲೆಯ ಧೂಳನ್ನು ಒಣ ಕುಂಚದಿಂದ ಕೆಡವಬೇಕು. ಗಟ್ಟಿ ರಟ್ಟಿನ ಮೇಲೆ ಎರಡು ಹಾಳೆ ಸುದ್ದಿಪತ್ರಿಕೆ, ಅದರ ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಒಂದಕ್ಕೊಂದು ತಾಗದಂತೆ ಎಲೆಗಳು, ಮತ್ತೆ ಬ್ಲಾಟಿಂಗ್ ಪೇಪರ್, ಮತ್ತೆ ಸುದ್ದಿಪತ್ರಿಕೆ, ಹೀಗೆ ಪದರ ಕಟ್ಟಬೇಕು. ಸುದ್ದಿಪತ್ರಿಕೆಯ ಶಾಯಿ ಎಲೆಗೆ ಹತ್ತುತ್ತದೆ, ಆದ್ದರಿಂದ ಅದು ನೇರವಾಗಿ ಎಲೆಗೆ ತಾಗಬಾರದು. ನುಣುಪಾದ ಹೊಳೆಯುವ ಹಾಳೆಯ ಪುಸ್ತಕವೂ ಬೇಡ. ಅದು ತೇವ ಹೀರುವುದಿಲ್ಲ, ಎಲೆಯೂ ಅದಕ್ಕೆ ಮೆತ್ತಿಕೊಳ್ಳುತ್ತದೆ. ಒಂದೇ ಪದರದಲ್ಲಿ ತೆಳು ಎಲೆ ಮತ್ತು ದಪ್ಪ ಎಲೆ ಸೇರಿಸಿದರೆ ತೆಳುವಾದದ್ದಕ್ಕೆ ಒತ್ತಡ ಸಾಲದೆ ಅಂಚು ಸುಕ್ಕಾಗುತ್ತದೆ.

ನಾಲ್ಕೈದು ಗಂಟೆಯ ನಂತರ ಒಮ್ಮೆ ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ಆಗ ಎಲೆ ಬಾಡಿ ಮೆದುವಾಗಿರುತ್ತದೆ, ಮಡಚಿಕೊಂಡ ಅಂಚುಗಳನ್ನು ಕುಂಚದ ಹಿಡಿಯಿಂದ ಬಿಡಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಮರುದಿನ ಬಿಡಿಸಲು ಹೋದರೆ ಮುರಿಯುತ್ತದೆ. ಮೊದಲ ಮೂರು ದಿನ ಪ್ರತಿದಿನವೂ, ಆಮೇಲೆ ಎರಡು ದಿನಕ್ಕೊಮ್ಮೆಯೂ ಬ್ಲಾಟಿಂಗ್ ಪೇಪರ್ ಬದಲಿಸಬೇಕು. ತೆಗೆದ ಹಾಳೆಗಳನ್ನು ಗಾಳಿಗೆ ಒಣಗಿಸಿ ಮತ್ತೆ ಬಳಸಬಹುದು. ತೆಳುವಾದ ಎಲೆಗೆ ಎರಡು ವಾರ, ಓಕ್‌ನಂಥ ದಪ್ಪ ಎಲೆಗೆ ಮೂರು ವಾರ ಎಂದು ಇಟ್ಟುಕೊಳ್ಳಬೇಕು.

ಎಲೆ ಒಣಗಿದೆಯೇ ಎಂದು ಕಣ್ಣಿನಿಂದ ತಿಳಿಯುವುದಿಲ್ಲ. ಎಲೆಯನ್ನು ಕೆನ್ನೆಗೆ ತಾಗಿಸಿ ನೋಡಬೇಕು. ತಂಪೆನಿಸಿದರೆ ಒಳಗೆ ಇನ್ನೂ ನೀರಿದೆ. ಅನಂತರ ತೊಟ್ಟು ಹಿಡಿದು ಅಡ್ಡಲಾಗಿ ಎತ್ತಬೇಕು. ತುದಿ ಬಾಗಿದರೆ ಇನ್ನೂ ಒಂದು ವಾರ ಬೇಕು, ನೆಟ್ಟಗೆ ನಿಂತರೆ ಸಾಕು. ತೊಟ್ಟು ಮತ್ತು ನಡುನರ ಎಲ್ಲಕ್ಕಿಂತ ಕೊನೆಗೆ ಒಣಗುವುದರಿಂದ ಪರೀಕ್ಷೆಯ ಗಮನವೆಲ್ಲ ಅಲ್ಲೇ ಇರಬೇಕು. ತೊಟ್ಟು ಬೇಡವಾಗಿದ್ದರೆ ಒತ್ತುವ ಮೊದಲೇ ಕತ್ತರಿಸುವುದು ಲೇಸು.

ಸಮಯವಿಲ್ಲದವರು ಎರಡು ಹಾಳೆಗಳ ನಡುವೆ ಎಲೆಯನ್ನಿಟ್ಟು, ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಹತ್ತು ಸೆಕೆಂಡು ಒತ್ತಿ, ತೆಗೆದು, ತಣಿದ ಮೇಲೆ ಮತ್ತೆ ಒತ್ತಬಹುದು. ಎಳೆದಾಡಬಾರದು, ಮೇಲಿಂದ ಒತ್ತಬೇಕು. ಹೀಗೆ ಮಾಡಿದ ಎಲೆಯನ್ನೂ ಮೂರು ನಾಲ್ಕು ದಿನ ಭಾರದ ಅಡಿಯಲ್ಲಿ ಇಡದಿದ್ದರೆ ಗಾಳಿಯ ತೇವ ಹೀರಿ ಮತ್ತೆ ಸುರುಳುತ್ತದೆ.

ಎರಡು ವಿಧಾನಗಳನ್ನು ಕಾರ್ಡಿನ ಕೆಲಸಕ್ಕೆ ಬಳಸಲೇಬಾರದು. ಮೇಣದ ಕಾಗದದ ನಡುವೆ ಇಸ್ತ್ರಿ ಮಾಡಿದ ಎಲೆಗೆ ಹೊಳಪು ಬರುತ್ತದೆ, ಆದರೆ ಮೇಣದ ಮೇಲೆ ಯಾವ ಗೋಂದೂ ಕೂರುವುದಿಲ್ಲ. ಗ್ಲಿಸರಿನ್ ನೀರಿನಲ್ಲಿ ನೆನೆಸಿದ ಎಲೆ ಮೆದುವಾಗಿ ಬಾಳಿಕೆ ಬರುತ್ತದೆ, ಹೂದಾನಿಗೆ ಅದು ಸರಿ. ಕಾಗದದ ಮೇಲಿಟ್ಟರೆ ಎಣ್ಣೆಯಂತೆ ಇಳಿಯುತ್ತದೆ. ನನ್ನ ಮೊದಲ ಪುಸ್ತಕದ ಆರು ಪುಟಗಳಲ್ಲಿ ಎಲೆಯ ಸುತ್ತ ಬೋಂಡಾ ಕಟ್ಟಿಕೊಟ್ಟ ಕಾಗದದಂಥ ಕಲೆ ಇಂದಿಗೂ ಇದೆ.

ಹಂತ 3: ಬಣ್ಣಗಳನ್ನು ನಿಶ್ಚಯಿಸುವುದು

ಎಲೆ ಒಣಗಿ ಕೈಗೆ ಬಂದ ಮೇಲೆ ಕಾಗದದ ಬಣ್ಣ ಆರಿಸಬೇಕು, ಮೊದಲೇ ಅಲ್ಲ. ಒಣಗುವಾಗ ಎಲೆಯ ಬಣ್ಣ ಒಂದು ಮೆಟ್ಟಿಲಾದರೂ ಮಂಕಾಗಿರುತ್ತದೆ.

ಶರತ್ಕಾಲ ಎಂದೊಡನೆ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕಿತ್ತಳೆ, ಕಂದು ಇವು ನಾಲ್ಕನ್ನೂ ಒಟ್ಟಿಗೆ ತಂದು ಸುರಿಯುವುದು ವಾಡಿಕೆ. ಒಂದೊಂದೂ ಚೆಂದವೇ, ಆದರೆ ಗಾಢತೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಒಂದರ ಮೇಲೊಂದು ಇಟ್ಟಾಗ ಯಾವುದೂ ಎದ್ದು ಕಾಣುವುದಿಲ್ಲ. ಇದನ್ನು ಪರೀಕ್ಷಿಸಲು ಸುಲಭ ದಾರಿಯಿದೆ: ಕಾಗದ ಮತ್ತು ಎಲೆಗಳನ್ನು ಜೊತೆಗಿಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆಯಬೇಕು. ಎಲೆಯೂ ಹಿನ್ನೆಲೆಯೂ ಒಂದೇ ಬೂದು ಬಣ್ಣವಾಗಿ ಕಂಡರೆ ಹಿನ್ನೆಲೆ ಬದಲಾಗಲೇಬೇಕು.

ನಾನು ಅನುಸರಿಸುವ ಅಳತೆ ಹೀಗಿದೆ. ಸುಮಾರು ಅರವತ್ತು ಪಾಲು ತಿಳಿ ಬಣ್ಣ, ಅಂದರೆ ಕೆನೆ ಬಿಳಿ ಅಥವಾ ಹೊಂಬಿಳಿ. ಮೂವತ್ತು ಪಾಲು ಎಲೆಯದೇ ಬಣ್ಣದ ಬಳಗ. ಉಳಿದ ಹತ್ತು ಪಾಲು ಕಡು ಬಣ್ಣ, ಕಾಫಿಪುಡಿಯ ಕಂದು ಅಥವಾ ಕಡುನೀಲಿ. ಕಡುನೀಲಿ ಈ ಕಾಲದ ಬಣ್ಣವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕಿತ್ತಳೆಯ ಎದುರು ನೀಲಿ ಬಂದಾಗಲೇ ಕಿತ್ತಳೆ ಉರಿಯುವಂತೆ ಕಾಣುವುದು. ಒಂದು ತೆಳು ಪಟ್ಟಿ ಇಟ್ಟು ನೋಡಿ ನಿರ್ಧರಿಸಲಿ.

ಹಂತ 4: ತಳವನ್ನು ಕತ್ತರಿಸಿ ಮಡಿಸುವುದು

ಎ4 ಹಾಳೆ 210 ಮತ್ತು 297 ಮಿಲಿಮೀಟರ್ ಅಳತೆಯದು. ಉದ್ದದ ಮಧ್ಯದಲ್ಲಿ ಅಡ್ಡಲಾಗಿ ಕತ್ತರಿಸಿದರೆ ಎರಡು ಎ5 ಹಾಳೆಗಳು ಸಿಗುತ್ತವೆ. ಒಂದೊಂದನ್ನೂ ಮಡಿಸಿದರೆ 105 ಮತ್ತು 148 ಮಿಲಿಮೀಟರಿನ ಎ6 ಕಾರ್ಡು. ಅದಕ್ಕೆ ಹೊಂದುವ ಲಕೋಟೆ ಸಿ6, ಅಂದರೆ 114 ಮತ್ತು 162 ಮಿಲಿಮೀಟರ್. ಲಕೋಟೆಯನ್ನು ಮೊದಲು ಕೈಯಲ್ಲಿಟ್ಟುಕೊಂಡು ಕಾರ್ಡನ್ನು ಕತ್ತರಿಸಬೇಕು. ಕಾರ್ಡು ಮುಗಿಸಿ ಲಕೋಟೆ ಹುಡುಕಿದವರು ಕೊನೆಗೆ ಲಕೋಟೆಯನ್ನೂ ಮಾಡಬೇಕಾಗುತ್ತದೆ.

ಕಾಗದಕ್ಕೆ ನಾರಿನ ದಿಕ್ಕು ಎಂಬುದೊಂದಿದೆ. ಹಾಳೆಯನ್ನು ಹರಿಯದೆ, ಮಡಿಸದೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿದಾಗ ಯಾವ ಕಡೆ ಸಲೀಸಾಗಿ ಬಾಗುತ್ತದೆಯೋ ಆ ಮಡಿಕೆಯ ಗೆರೆಗೆ ನಾರು ಸಮಾನಾಂತರವಾಗಿರುತ್ತದೆ. ಕಾರ್ಡಿನ ಮಡಿಕೆ ಅದೇ ದಿಕ್ಕಿನಲ್ಲಿ ಬರಬೇಕು. ನಾರಿಗೆ ಅಡ್ಡಲಾಗಿ ಮಡಿಸಿದರೆ ಬೆನ್ನಿನುದ್ದಕ್ಕೂ ಕಾಗದ ಒಡೆದು ಬಿಳಿ ಗೆರೆ ಕಾಣುತ್ತದೆ, ಬಣ್ಣದ ಕಾಗದದಲ್ಲಂತೂ ಅದು ಎದ್ದು ತೋರುತ್ತದೆ. ಸಾಮಾನ್ಯವಾಗಿ ಎ4 ಹಾಳೆಯ ನಾರು ಉದ್ದಕ್ಕಿರುವುದರಿಂದ ಮೇಲೆ ಹೇಳಿದಂತೆ ಕತ್ತರಿಸಿದಾಗ ಮಡಿಕೆ ತಾನಾಗಿಯೇ ಸರಿಯಾದ ದಿಕ್ಕಿಗೆ ಬೀಳುತ್ತದೆ. ಆದರೂ ಹೊಸ ಕಟ್ಟು ತಂದಾಗ ಒಂದು ಹಾಳೆಯನ್ನು ಬಾಗಿಸಿ ನೋಡುವುದು ಉತ್ತಮ.

ಮಡಿಸುವ ಮುನ್ನ ಸ್ಕೇಲಿನ ಪಕ್ಕದಲ್ಲಿ ಗೀರೆಳೆಯಬೇಕು. ಗೀರಿನ ಒಂದು ಬದಿ ತಗ್ಗು, ಇನ್ನೊಂದು ಬದಿ ಉಬ್ಬು. ತಗ್ಗಿನ ಒಳಕ್ಕೆ ಮಡಿಸುವುದು ಸಹಜವೆನಿಸುತ್ತದೆ, ಅದೇ ತಪ್ಪು. ಉಬ್ಬು ಕಾರ್ಡಿನ ಒಳಗೆ ಬರುವಂತೆ, ತಗ್ಗು ಹೊರಗೆ ಉಳಿಯುವಂತೆ ಮಡಿಸಿದರೆ ನಾರಿಗೆ ಸೆಳೆತ ಕಡಿಮೆ. ಮಡಿಸಿದ ಮೇಲೆ ಬೋನ್ ಫೋಲ್ಡರನ್ನು ಒಂದು ತೆಳು ಹಾಳೆಯ ಮೇಲಿಂದ ಎಳೆಯಬೇಕು. ನೇರವಾಗಿ ಕಾಗದದ ಮೇಲೆ ಎಳೆದರೆ ಹೊಳಪಿನ ಗೆರೆ ಬೀಳುತ್ತದೆ.

ಕಟ್ಟರಿನ ಒಂದೇ ಎಳೆತಕ್ಕೆ ದಪ್ಪ ಕಾಗದ ತುಂಡಾಗಬೇಕೆಂಬ ಹಟ ಬೇಡ. ಮೂರು ಹಗುರ ಎಳೆತಗಳಲ್ಲಿ ಅಂಚು ನೇರವಾಗಿ ಬರುತ್ತದೆ, ಸ್ಕೇಲೂ ಜಾರುವುದಿಲ್ಲ. ಸ್ಕೇಲು ಹಿಡಿದ ಬೆರಳುಗಳು ಅದರ ಅಂಚಿನಿಂದ ಹಿಂದೆ ಇರಲಿ.

ಮೇಲಿನ ಪದರಗಳಿಗೆ ನಾಲ್ಕೂ ಕಡೆ ಮೂರು ಮಿಲಿಮೀಟರ್ ಬಿಡುವುದು ಕಣ್ಣಿಗೆ ಹಿತ. 105 ಮತ್ತು 148ರ ಮುಖದ ಮೇಲೆ ಮೊದಲ ಪದರ 99 ಮತ್ತು 142, ಅದರ ಮೇಲಿನದು 93 ಮತ್ತು 136 ಮಿಲಿಮೀಟರ್. ಮೊದಲ ಪದರವನ್ನು ಮಾತ್ರ ಈಗ ಕತ್ತರಿಸಿ, ಎರಡನೆಯದನ್ನು ಜೋಡಣೆ ತೀರ್ಮಾನವಾಗುವವರೆಗೆ ತಡೆದಿಡಬೇಕು.

ಹಂತ 5: ಹಿನ್ನೆಲೆಯ ಬಣ್ಣ ಮತ್ತು ಅಚ್ಚು

ಬಣ್ಣದ ಕೆಲಸವೆಲ್ಲ ಬಿಡಿ ಪದರದ ಮೇಲೆ ನಡೆಯಬೇಕು, ಮಡಿಸಿದ ಕಾರ್ಡಿನ ಮೇಲಲ್ಲ. ಕೆಟ್ಟರೆ ಒಂದು ತುಂಡು ಕಾಗದ ಹೋಗುತ್ತದೆ, ಕಾರ್ಡು ಉಳಿಯುತ್ತದೆ.

ಸ್ಪಂಜಿನಿಂದ ಶಾಯಿ ಹರಡುವಾಗ ಮೊದಲ ಸ್ಪರ್ಶ ಕಾಗದದ ಹೊರಗೆ, ಅಡಿಯಲ್ಲಿ ಹಾಸಿದ ರದ್ದಿ ಹಾಳೆಯ ಮೇಲೆ ಆಗಬೇಕು. ಅಲ್ಲಿಂದ ಸುತ್ತುತ್ತಾ ಒಳಕ್ಕೆ ಬರಬೇಕು. ನೇರವಾಗಿ ಕಾಗದದ ನಡುವೆ ಸ್ಪಂಜನ್ನು ಇಟ್ಟರೆ ಅಲ್ಲೊಂದು ಬಿಲ್ಲೆ ಕಲೆ ಕೂರುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ಹಳದಿ, ಕಿತ್ತಳೆ, ಕೆಂಪು ಒಂದರೊಳಗೊಂದು ಬೆರೆತರೂ ಕಾಂತಿ ಉಳಿಯುತ್ತದೆ. ಕೆಂಪು ಮತ್ತು ಹಸಿರು ಬೆರೆತರೆ ಕೆಸರಾಗುತ್ತದೆ. ಆಲಿವ್ ಹಸಿರು ಬೇಕೇ ಬೇಕೆನಿಸಿದರೆ ಅವೆರಡರ ನಡುವೆ ಹಳದಿಯ ಪಟ್ಟಿ ಇರಲಿ.

ಒಣ ಎಲೆ ಉಪಯೋಗಿಸದೆಯೇ ಎಲೆಯ ರೂಪ ತರಲು ಎರಡು ದಾರಿಗಳಿವೆ. ಎರಡಕ್ಕೂ ತಾಜಾ ಎಲೆಯೇ ಬೇಕು, ಎರಡರಲ್ಲೂ ನರ ಉಬ್ಬಿರುವ ಕೆಳಮುಖವೇ ಮುಖ್ಯ. ತೆಳು ಕಾಗದದ ಅಡಿಯಲ್ಲಿ ಎಲೆಯನ್ನು ಕೆಳಮುಖ ಮೇಲಾಗುವಂತೆ ಇಟ್ಟು, ಕ್ರೇಯಾನಿನ ಹೊದಿಕೆ ಕಿತ್ತು ಅಡ್ಡಲಾಗಿ ಹಿಡಿದು ಉಜ್ಜುವುದು ಒಂದು. ಕೆಳಮುಖಕ್ಕೆ ತೆಳುವಾಗಿ ಬಣ್ಣ ಬಳಿದು ಕಾಗದದ ಮೇಲೆ ಮಗುಚಿ ಒತ್ತುವುದು ಇನ್ನೊಂದು. ಅಚ್ಚೊತ್ತುವಾಗ ಬಣ್ಣ ಹೆಚ್ಚಾದರೆ ನರಗಳ ನಡುವಿನ ಸಂದು ತುಂಬಿ ಬರಿಯ ಮುದ್ದೆ ಮೂಡುತ್ತದೆ. ಮೊದಲ ಅಚ್ಚನ್ನು ರದ್ದಿಯ ಮೇಲೆ ತೆಗೆದು, ಎರಡನೆಯದನ್ನು ಬಳಸುವುದು ನನ್ನ ರೂಢಿ.

ರಬ್ಬರ್ ಸ್ಟ್ಯಾಂಪಿನಿಂದ ಒತ್ತಿದ ಅಚ್ಚಿನ ಮೇಲೆ, ಬಿಸಿಗೆ ಕರಗಿ ಉಬ್ಬಿ ನಿಲ್ಲುವ ಎಂಬಾಸಿಂಗ್ ಪುಡಿ ಉದುರಿಸುವವರು ನಿಧಾನವಾಗಿ ಆರುವ ಪಿಗ್ಮೆಂಟ್ ಶಾಯಿ ಬಳಸಬೇಕು. ಡೈ ಶಾಯಿ ಬೇಗ ಆರುವುದರಿಂದ ಪುಡಿ ಹಿಡಿಯುವುದಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಪುಡಿ ಕರಗುವುದಿಲ್ಲ, ಹಾರಿಹೋಗುತ್ತದೆ. ಅದಕ್ಕೆ ಹೀಟ್ ಗನ್ನೇ ಬೇಕು. ಎಲೆ ಅಂಟಿಸಿದ ಮೇಲೆ ಹೀಟ್ ಗನ್ ಹಿಡಿದರೆ ಎಲೆ ಕ್ಷಣದಲ್ಲಿ ಮುದುಡುತ್ತದೆ, ಈ ಕೆಲಸ ಗೋಂದಿಗಿಂತ ಮೊದಲೇ ಮುಗಿದಿರಬೇಕೆನ್ನಲು ಇದೂ ಒಂದು ಕಾರಣ.

ಹಂತ 6: ಅಂಟಿಲ್ಲದೆ ಜೋಡಿಸಿ ನೋಡುವುದು

ಎಲ್ಲ ತುಣುಕುಗಳನ್ನೂ ಕಾರ್ಡಿನ ಮೇಲೆ ಸುಮ್ಮನೆ ಇಟ್ಟು, ಎದ್ದು ನಿಂತು ಮೇಲಿನಿಂದ ನೋಡಬೇಕು. ಎಲೆಗಳು ಮೂರೋ ಐದೋ ಇದ್ದು, ಒಂದು ದೊಡ್ಡದು, ಉಳಿದವು ಅದಕ್ಕೆ ಒರಗಿದಂತಿದ್ದರೆ ಗುಂಪು ಸಹಜವಾಗಿ ಕಾಣುತ್ತದೆ. ಒಂದೇ ಗಾತ್ರದ ನಾಲ್ಕು ಎಲೆಗಳನ್ನು ನಾಲ್ಕು ಮೂಲೆಗೆ ಇಡುವುದು ಬಹಳ ಕಡೆ ಕಾಣುವ ಜೋಡಣೆ. ಕಣ್ಣು ನಾಲ್ಕು ಮೂಲೆಗೂ ಅಲೆದು ನಡುವೆ ನಿಲ್ಲುವುದೇ ಇಲ್ಲ. ಬರಹದ ಜಾಗಕ್ಕೆ ಒಂದು ತುಂಡು ಕಾಗದ ಇಟ್ಟೇ ಜೋಡಿಸಬೇಕು, ಇಲ್ಲದಿದ್ದರೆ ಕೊನೆಗೆ ಶುಭಾಶಯದ ಮಾತು ತೊಟ್ಟಿನ ಮೇಲೆ ಹತ್ತಿ ಕೂರುತ್ತದೆ.

ಮೆಚ್ಚಿಗೆಯಾದ ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದ ಮೇಲೆಯೇ ತುಣುಕುಗಳನ್ನು ಎತ್ತಬೇಕು. ನೆನಪಿರುತ್ತದೆ ಎಂದುಕೊಂಡವರಿಗೆ ಅಂಟಿಸುವ ಹೊತ್ತಿಗೆ ಯಾವ ಎಲೆ ಯಾವುದರ ಅಡಿಯಲ್ಲಿತ್ತು ಎಂಬುದು ಮರೆತಿರುತ್ತದೆ. ಎರಡನೆಯ ಪದರವನ್ನು ಈಗ ಕತ್ತರಿಸಬಹುದು.

ಹಂತ 7: ಅಂಟಿಸುವುದು

ಕೆಳಗಿನಿಂದ ಮೇಲಕ್ಕೆ, ದೊಡ್ಡದರಿಂದ ಚಿಕ್ಕದಕ್ಕೆ ಎಂಬುದು ಇಲ್ಲಿನ ಕ್ರಮ. ಎಲೆಗಳನ್ನು ಮೊದಲು ಮೇಲಿನ ಪದರಕ್ಕೆ ಅಂಟಿಸಿ, ಆ ಪದರ ಪೂರ್ತಿ ಒಣಗಿದ ಮೇಲೆ ಅದನ್ನು ಕಾರ್ಡಿಗೆ ಕೂರಿಸಬೇಕು.

ಕಾಗದಕ್ಕೆ ಕಾಗದ ಅಂಟಿಸಲು ಡಬಲ್ ಸೈಡ್ ಟೇಪ್ ಎಲ್ಲಕ್ಕಿಂತ ಸುರಕ್ಷಿತ, ಏಕೆಂದರೆ ಅದರಲ್ಲಿ ನೀರಿಲ್ಲ. ಪಿವಿಎ ಗೋಂದಿನ ನೀರು ಕಾಗದದ ನಾರನ್ನು ಹಿಗ್ಗಿಸುತ್ತದೆ, ಒಣಗುವಾಗ ಕುಗ್ಗಿಸುತ್ತದೆ. ಒಂದೇ ಬದಿಗೆ ಹೀಗಾದಾಗ ಕಾರ್ಡು ಬಾಗುತ್ತದೆ. ಮೊದಲ ಪ್ಯಾರಾದಲ್ಲಿ ಹೇಳಿದ ದೋಣಿ ಹುಟ್ಟುವುದು ಹೀಗೆ. ದೊಡ್ಡ ಪದರಕ್ಕೆ ಗೋಂದನ್ನೇ ಹಚ್ಚಬೇಕಾಗಿ ಬಂದರೆ ತೆಳುವಾಗಿ ಹಚ್ಚಿ, ಮೇಲೊಂದು ಶುಭ್ರ ಹಾಳೆಯಿಟ್ಟು ರಾತ್ರಿಯಿಡೀ ಪುಸ್ತಕಗಳ ಅಡಿಯಲ್ಲಿ ಇಡಬೇಕು.

ಎಲೆಗೆ ಮಾತ್ರ ಪಿವಿಎ ಬೇಕು. ಗ್ಲೂ ಸ್ಟಿಕ್ ಉಜ್ಜಿದರೆ ಎಲೆ ಮುರಿಯುತ್ತದೆ, ಟೇಪು ನರದ ಉಬ್ಬಿನ ಮೇಲಷ್ಟೇ ಹಿಡಿದು ಅಂಚನ್ನು ಬಿಡುತ್ತದೆ. ಗೋಂದಿಗೆ ತುಸುವೇ ನೀರು ಬೆರೆಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಎಲೆಯ ಕೆಳಮುಖವನ್ನು ಅದರ ಮೇಲಿಟ್ಟು ಚಿಮುಟದಿಂದ ಎತ್ತಿದರೆ ಎಲ್ಲೆಡೆ ಒಂದೇ ಸಮನಾಗಿ ಅಂಟು ಬರುತ್ತದೆ. ಕುಂಚದಿಂದ ಹಚ್ಚುವುದಾದರೆ ನಡುನರದಿಂದ ಅಂಚಿನ ಕಡೆಗೆ ಎಳೆಯಬೇಕು, ಅಂಚಿನಿಂದ ಒಳಕ್ಕೆ ಎಳೆದರೆ ಮೊನೆಗಳು ಮುರಿಯುತ್ತವೆ. ಕಾಗದದ ಮೇಲೆ ಕೂರಿಸಿದ ಕೂಡಲೇ ಬ್ಲಾಟಿಂಗ್ ಪೇಪರ್ ಇಟ್ಟು ಅಂಗೈಯಿಂದ ಒತ್ತಿ, ಆ ಹಾಳೆಯನ್ನು ತೆಗೆದು, ಬೇಕಿಂಗ್ ಪೇಪರ್‌ನಂಥ ಅಂಟದ ಹಾಳೆ ಹಾಕಿ ಭಾರ ಇಡಬೇಕು. ಈ ಹಾಳೆ ಬದಲಿಸುವುದನ್ನು ಮರೆತವರ ಎಲೆ ಬೆಳಿಗ್ಗೆ ಬ್ಲಾಟಿಂಗ್ ಪೇಪರಿಗೇ ಅಂಟಿಕೊಂಡಿರುತ್ತದೆ.

ಒಣಗಿದ ಎಲೆಯ ಮೇಲೆ ಮ್ಯಾಟ್ ವಾರ್ನಿಷಿನ ಒಂದು ತೆಳು ಲೇಪ ಕೊಟ್ಟರೆ ಉದುರುವುದು ಕಡಿಮೆಯಾಗುತ್ತದೆ. ಹೇರ್ ಸ್ಪ್ರೇ ಬೇಡ, ಅದು ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಫೋಮ್ ಟೇಪನ್ನು ಎಲೆಯ ಅಡಿಗೆ ಹಾಕಬಾರದು. ಆಧಾರವಿಲ್ಲದ ಭಾಗ ಮೊದಲ ಒತ್ತಡಕ್ಕೇ ಮುರಿಯುತ್ತದೆ. ಎಲೆ ಎತ್ತರವಾಗಿ ಕಾಣಬೇಕಿದ್ದರೆ ಅದನ್ನು ದಪ್ಪ ಕಾಗದಕ್ಕೆ ಅಂಟಿಸಿ, ಆ ಕಾಗದದ ಅಡಿಗೆ ಫೋಮ್ ಹಾಕಬೇಕು.

ಹಂತ 8: ಸ್ಕ್ರ್ಯಾಪ್‌ಬುಕ್ ಪುಟ ಕಟ್ಟುವುದು

ಕಾರ್ಡು ಒಂದೆರಡು ವರ್ಷ ಬಾಳಿದರೆ ಸಾಕು. ಸ್ಕ್ರ್ಯಾಪ್‌ಬುಕ್ಕಿನಲ್ಲಿ ಫೋಟೋ ಇದೆ, ಅದು ದಶಕಗಳ ಕಾಲ ಉಳಿಯಬೇಕು. ಒಂದು ಅಡಿ ಉದ್ದಗಲದ ಕಾರ್ಡು ಎಂದು ಪುಟವನ್ನು ಭಾವಿಸುವುದೇ ಇಲ್ಲಿನ ಮೊದಲ ತಪ್ಪು.

ಲಿಗ್ನಿನ್ ಎಂಬುದು ಮರದಲ್ಲಿರುವ ವಸ್ತು. ಅದು ಉಳಿದ ಕಾಗದ ಕಾಲಕ್ರಮದಲ್ಲಿ ಹಳದಿಯಾಗಿ ಆಮ್ಲ ಹುಟ್ಟಿಸುತ್ತದೆ, ಹಳೆಯ ಸುದ್ದಿಪತ್ರಿಕೆ ಇದಕ್ಕೆ ಸಾಕ್ಷಿ. ಒಣ ಎಲೆಯಲ್ಲೂ ಲಿಗ್ನಿನ್ ಇದೆ, ಆಮ್ಲವಿದೆ. ಹಾಗಾಗಿ ನಿಜವಾದ ಎಲೆಯನ್ನು ಫೋಟೋದ ಮೇಲೆ, ಅಡಿಯಲ್ಲಿ, ಅಥವಾ ಪುಸ್ತಕ ಮುಚ್ಚಿದಾಗ ಎದುರು ಪುಟದ ಫೋಟೋಗೆ ತಾಗುವ ಜಾಗದಲ್ಲಿ ಇಡಬಾರದು. ಈ ಕೊನೆಯದು ಎಲ್ಲರಿಗೂ ಮರೆಯುತ್ತದೆ. ಎಲೆಯನ್ನು ಪುಟದಲ್ಲಿ ಇಡಲೇಬೇಕಿದ್ದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನ ಚಿಕ್ಕ ಚೀಲದೊಳಗೆ ಇಡಬೇಕು. ಪಿವಿಸಿ ಚೀಲ ಕೂಡದು, ಅದು ಹಳತಾದಂತೆ ಆಮ್ಲದ ಆವಿ ಬಿಡುತ್ತದೆ. ಹೊಸದರಲ್ಲೇ ಕಟುವಾದ ಪ್ಲಾಸ್ಟಿಕ್ ವಾಸನೆ ಬಂದರೆ ಅದನ್ನು ದೂರವಿಡಬೇಕು.

ಇದಕ್ಕಿಂತ ಒಳ್ಳೆಯ ಉಪಾಯ, ಎಲೆಯನ್ನು ಸ್ಕ್ಯಾನರಿನಲ್ಲಿಟ್ಟು 300 ಡಿಪಿಐನಲ್ಲಿ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ), ಹಿಗ್ಗಿಸುವುದಿದ್ದರೆ 600ರಲ್ಲಿ, ಸ್ಕ್ಯಾನ್ ಮಾಡಿ ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿ ಕತ್ತರಿಸುವುದು. ನಕಲು ಎಂದು ಮೂಗು ಮುರಿಯುವವರಿದ್ದಾರೆ. ಕೆಂಪು ಎಲೆಯ ಬಣ್ಣ ಅತ್ಯುತ್ತಮವಾಗಿರುವ ದಿನವೇ ಅದನ್ನು ಹಿಡಿದಿಡಲು ಇದಕ್ಕಿಂತ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಪುಟದ ಅಳತೆ ಸಾಮಾನ್ಯವಾಗಿ 12 ಇಂಚು ಚೌಕ. ಬೈಂಡಿಂಗಿನ ಬದಿಯಲ್ಲಿ ಒಂದು ಇಂಚು ಖಾಲಿ ಬಿಟ್ಟು ಆರಂಭಿಸಬೇಕು. ಮೊದಲು ಮುಖ್ಯ ಫೋಟೋ ಒಂದನ್ನು ಆರಿಸಿ ಪುಟವನ್ನು ಮೂರು ಸಮಭಾಗ ಮಾಡುವ ಗೆರೆಯೊಂದರ ಮೇಲೆ ಇಡಬೇಕು, ಅನಂತರ ಉಳಿದ ಫೋಟೋಗಳು, ಅನಂತರ ಶೀರ್ಷಿಕೆ, ಅನಂತರ ಬರಹದ ಜಾಗ, ಎಲೆಗಳ ಅಲಂಕಾರ ಕಟ್ಟಕಡೆಗೆ. ಅಲಂಕಾರದಿಂದ ಆರಂಭಿಸಿದ ಪುಟದಲ್ಲಿ ಫೋಟೋ ಅತಿಥಿಯಂತೆ ಮೂಲೆಯಲ್ಲಿ ಕೂತಿರುತ್ತದೆ. ಅಲಂಕಾರದ ಗುಂಪುಗಳು ಮೂರು ಕಡೆ ತ್ರಿಕೋನವಾಗಿ ಬಂದು, ಫೋಟೋ ಆ ತ್ರಿಕೋನದ ಒಳಗೆ ಬಿದ್ದರೆ ಕಣ್ಣು ಫೋಟೋಗೇ ಮರಳುತ್ತದೆ. ಫೋಟೋದಲ್ಲಿರುವವರ ಮುಖ ಪುಟದ ಒಳಕ್ಕೆ ತಿರುಗಿರಬೇಕು.

ಫೋಟೋವನ್ನು ಅಂಟಿಸುವ ಬದಲು ಅದರ ಮೂಲೆಗಳನ್ನು ಹಿಡಿಯುವ ಫೋಟೋ ಕಾರ್ನರುಗಳಲ್ಲಿ ಸಿಕ್ಕಿಸುವುದು ಒಳ್ಳೆಯದು, ಮುಂದೆ ಪುಟ ಕೆಟ್ಟರೂ ಫೋಟೋವನ್ನು ಹೊರತೆಗೆಯಬಹುದು. ರಬ್ಬರ್ ಸಿಮೆಂಟ್ ಎಂಬ ಅಂಟು, ಸಾಮಾನ್ಯ ಪಾರದರ್ಶಕ ಟೇಪ್, ಅಂಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಆಲ್ಬಮ್ ಪುಟ, ಈ ಮೂರೂ ಫೋಟೋಗೆ ಶತ್ರು. ಸಾಮಗ್ರಿಯ ಮೇಲೆ ಐಎಸ್‌ಒ 18916 ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದಿದ್ದರೆ ಅದು ಫೋಟೋಗೆ ಹಾನಿ ಮಾಡುವುದೇ ಎಂದು ಪರೀಕ್ಷಿಸಿ ನೋಡಿದ ಸಾಮಗ್ರಿ ಎಂದು ಅರ್ಥ.

ಹಂತ 9: ಬರಹ, ಲಕೋಟೆ, ಜೋಪಾಸನೆ

ಬರೆಯಲು ಪಿಗ್ಮೆಂಟ್ ಶಾಯಿಯ ಪೆನ್ನು ಬೇಕು, ಅದು ನೀರಿಗೆ ಹರಡುವುದಿಲ್ಲ, ಬೆಳಕಿಗೆ ಬೇಗ ಮಾಸುವುದಿಲ್ಲ. ಅಚ್ಚಿನ ಅಕ್ಷರಗಳನ್ನು ಒತ್ತುವಾಗ ಪದದ ನಡುವಿನ ಅಕ್ಷರದಿಂದ ಆರಂಭಿಸಿ ಎರಡೂ ಕಡೆಗೆ ಹೋದರೆ ಸಾಲು ಮಧ್ಯಕ್ಕೆ ಬರುತ್ತದೆ. ಪುಟದಲ್ಲಿ ಎಲೆಯ ಮರದ ಹೆಸರು, ಆರಿಸಿದ ಜಾಗ, ದಿನಾಂಕ ಇರಲಿ. ಫೋಟೋದ ಬೆನ್ನಿಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಭಾಗದಲ್ಲಿ ಉಬ್ಬು ಮೂಡುತ್ತದೆ.

ಎಲೆಯಿರುವ ಕಾರ್ಡನ್ನು ಲಕೋಟೆಗೆ ಹಾಕುವಾಗ ಮುಖದ ಮೇಲೊಂದು ತೆಳು ಹಾಳೆ, ಹಿಂದೊಂದು ರಟ್ಟು ಇಡಬೇಕು. ಓಕ್ ಕಾಯಿ, ಕಡ್ಡಿ, ಪೈನ್ ತುಣುಕುಗಳಂಥ ಉಬ್ಬು ವಸ್ತುಗಳನ್ನು ಅಂಚೆಗೆ ಹಾಕುವ ಕಾರ್ಡಿನಲ್ಲಿ ಇಡಬಾರದು, ವಿಂಗಡಿಸುವ ಯಂತ್ರದಲ್ಲಿ ಲಕೋಟೆಯೇ ಹರಿಯಬಹುದು. ಮುಗಿದ ಪುಟಗಳನ್ನು ಬಿಸಿಲು ತಾಗದ, ತೇವವಿಲ್ಲದ ಕಪಾಟಿನಲ್ಲಿ ಇಡಬೇಕು.

ಎಚ್ಚರಿಕೆಯ ಗುರುತುಗಳು

ಎಲೆಯ ಸುತ್ತ ಕಾಗದ ಅಲೆಯಲೆಯಾಗಿದ್ದರೆ ಗೋಂದಿನಲ್ಲಿ ನೀರು ಹೆಚ್ಚಾಗಿದೆ. ಇನ್ನೂ ಒಂದು ದಿನವಾಗಿಲ್ಲವಾದರೆ ಮತ್ತೆ ಭಾರದ ಅಡಿಗೆ ಇಟ್ಟು ಉಳಿಸಬಹುದು. ಅಂಚು ಮಾತ್ರ ಎದ್ದಿದ್ದರೆ ಹಲ್ಲುಕಡ್ಡಿಯ ತುದಿಯಲ್ಲಿ ಗೋಂದು ತೆಗೆದು ಅಡಿಗೆ ತೂರಿಸಬೇಕು. ಎಲೆಯ ಸುತ್ತ ಪಾರದರ್ಶಕ ಕಲೆ ಹರಡುತ್ತಿದ್ದರೆ ಅದು ಎಣ್ಣೆ ಅಥವಾ ಮೇಣ, ಆ ಪದರವನ್ನು ಕಿತ್ತು ಬದಲಿಸದೆ ಬೇರೆ ಉಪಾಯವಿಲ್ಲ. ತೊಟ್ಟಿನ ಬಳಿ ಬೂದು ಅಥವಾ ಹಸಿರು ಚುಕ್ಕೆ, ಪುಟ ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಒಣಗದ ಎಲೆಯನ್ನು ಅಂಟಿಸಿದ್ದರ ಫಲ. ಆ ಎಲೆಯನ್ನು ಒರೆಸಿ ಉಳಿಸಲು ಹೋಗದೆ, ಫೋಟೋಗಳನ್ನು ಕಾರ್ನರುಗಳಿಂದ ಬಿಡಿಸಿ ತೆಗೆದು, ಪುಟವನ್ನು ಪುಸ್ತಕದಿಂದ ಬೇರ್ಪಡಿಸಿ, ಅಕ್ಕಪಕ್ಕದ ಎರಡು ಪುಟಗಳನ್ನು ಗಾಳಿಗೆ ಹರಡಿಟ್ಟು, ಒಂದು ವಾರದ ನಂತರ ಅವುಗಳ ಮೇಲೂ ಚುಕ್ಕೆ ಬಂದಿದೆಯೇ ಎಂದು ನೋಡಬೇಕು.